ಬಾನೆಟ್ಟಿನ ಮೂರು ಪಟ್ಟಿ, ಒಂದು ಡೀಸೆಲ್ ಬಟ್ಟೆ

ದುರ್ಗದ ಪಿಕಪ್:
ನನ್ನ ಬಿಳಿ ಪಿಕಪ್ಪಿಗೆ ಈಗ ಐದು ವರ್ಷ. ಭೀಮಸಮುದ್ರದ ಕಡೆಯಿಂದ ಅಡಿಕೆ ಚೀಲ ತರುವುದು ಅದರ ಮುಖ್ಯ ಕೆಲಸ. ಮಿಕ್ಕ ದಿನಗಳಲ್ಲಿ ಸಿಮೆಂಟು, ಕಂಬಿ, ಕೊಳವೆಬಾವಿಯ ಪೈಪು, ಯಾವ ಬಾಡಿಗೆ ಸಿಕ್ಕರೆ ಅದು. ಅದಿರಿನ ಲಾರಿಗಳ ಹಿಂದೆ ಓಡಾಡಿ ಮೂಲೆಮೂಲೆಗೂ ಕೆಂಪು ಧೂಳು ಕುಳಿತಿತ್ತು. ಬಾನೆಟ್ಟಿನ ಮೇಲೆ ಕೈಯಾಡಿಸಿದರೆ ಗೋಡೆಯ ಸುಣ್ಣ ಹತ್ತಿದ ಹಾಗೆ ಬಿಳಿ ಪುಡಿ ಅಂಗೈಗೆ ಅಂಟುತ್ತಿತ್ತು. ಮತ್ತೆ ಬಣ್ಣ ಹೊಡೆಸುವ ಮೊದಲು ಇರುವ ಬಣ್ಣವನ್ನೇ ಉಳಿಸಿಕೊಳ್ಳಬಹುದೇ ಎಂದು ನೋಡಲು ಒಂದೇ ಕಂಪನಿಯ ಮೂರು ಸರಕುಗಳನ್ನು ತರಿಸಿದೆ: ಡಬ್ಬಿಯಲ್ಲಿ ಬರುವ ಕಾರ್ನೌಬಾ ಮೇಣ, ಬಣ್ಣ ಕಾಯುವ ಕೃತಕ ಪದರವಾದ ಸ್ಪ್ರೇ ಸೀಲೆಂಟ್, ಹೆಬ್ಬೆರಳಿನಷ್ಟು ದೊಡ್ಡ ಶೀಸೆಯಲ್ಲಿ, ಆರಿದ ಮೇಲೆ ಗಟ್ಟಿ ಪದರವಾಗುವ ಸೆರಾಮಿಕ್ ಕೋಟಿಂಗ್. ಕಂಪನಿಯ ಹೆಸರು ಹೇಳಿದರೆ ಚರ್ಚೆಯೆಲ್ಲ ಹೆಸರಿನ ಮೇಲೆಯೇ ನಡೆಯುತ್ತದೆ, ಆದ್ದರಿಂದ ಹೇಳುವುದಿಲ್ಲ.

ಏಪ್ರಿಲ್ ಕೊನೆಯಲ್ಲಿ ಶಾಂಪೂ ಹಾಕಿ ತೊಳೆದು, ಅಂಟಿದ ಕೊಳೆ ಎತ್ತುವ ಜೇಡಿಯಂಥ ಕ್ಲೇ ಬಾರ್ ಆಡಿಸಿ, ರಬ್ಬಿಂಗ್ ಕಾಂಪೌಂಡಿನಿಂದ ಕೈಯಲ್ಲೇ ತಿಕ್ಕಿದೆ. ಬಟ್ಟೆ ಬೆಳ್ಳಗಾಯಿತು. ಅಂದರೆ ಇದಕ್ಕೆ ಬಣ್ಣದ ಮೇಲೆ ಬೇರೆ ಕ್ಲಿಯರ್ ಕೋಟ್ (ಪಾರದರ್ಶಕ ಪದರ) ಇಲ್ಲ, ಬಣ್ಣವೇ ಮೇಲ್ಪದರ. ಮಾಸ್ಕಿಂಗ್ ಟೇಪ್ ಅಂಟಿಸಿ ಬಾನೆಟ್ಟನ್ನು ಮೂರು ಪಟ್ಟಿ ಮಾಡಿ, ಡ್ರೈವರ್ ಸೈಡಿಗೆ ಮೇಣ, ನಡುವೆ ಸೀಲೆಂಟ್, ಕ್ಲೀನರ್ ಸೈಡಿಗೆ ಸೆರಾಮಿಕ್ ಹಚ್ಚಿದೆ. ಮುಂದಿನ ಅಂಚಿನಲ್ಲಿ ನಾಲ್ಕು ಬೆರಳಗಲ ಜಾಗಕ್ಕೆ ಏನೂ ಹಚ್ಚಲಿಲ್ಲ. ಬಿಸಿಲೇರಿದ ಮೇಲೆ ಸೆರಾಮಿಕ್ ಕೈಗೆ ಸಿಗುವುದಿಲ್ಲ. ಒರೆಸುವಷ್ಟರಲ್ಲಿ ಆರಿ, ನೀರು ಬಿದ್ದ ಕಾಗದದಂತೆ ಒಂದು ಮಬ್ಬು ಕಲೆ ಉಳಿಯಿತು, ಅದು ಇಂದಿಗೂ ಇದೆ.

ಹತ್ತು ವಾರವಾದ ಮೇಲೆ ಹೀಗಿದೆ. ಏನೂ ಹಚ್ಚದ ಅಂಚಿನ ಧೂಳನ್ನು ತಿಕ್ಕಿಯೇ ತೆಗೆಯಬೇಕು. ಮೇಣದ ಮೇಲೆ ಐದು ವಾರ ನೀರು ಮುತ್ತಾಗಿ ನಿಂತಿತು, ಆಮೇಲೆ ಸಡಿಲವಾಯಿತು. ಏಳನೆಯ ವಾರ ನಮ್ಮ ಹುಡುಗ ಆ ಪಟ್ಟಿಯನ್ನು ಡೀಸೆಲ್ ಬಟ್ಟೆಯಿಂದ ಒರೆಸಿಬಿಟ್ಟಿದ್ದರಿಂದ ಮುಂದಿನ ಲೆಕ್ಕ ತಪ್ಪಿತು. ಸೀಲೆಂಟ್ ಸಾಧಾರಣ. ಸೆರಾಮಿಕ್ ಪಟ್ಟಿಯ ಧೂಳು ಬರೀ ನೀರಿಗೆ ಇಳಿಯುತ್ತದೆ, ಆದರೆ ಬೋರ್‌ವೆಲ್ ನೀರಿನ ಬಿಳಿ ಉಂಗುರಗಳು ಅಲ್ಲೇ ಹೆಚ್ಚು ಕಾಣುತ್ತವೆ. ಕಲ್ಲೇಟು ಮೂರೂ ಕಡೆ ಒಂದೇ ಸಮ. ಶ್ರಾವಣದ ಮಳೆಗೆ ಮುಂಚೆ ಕ್ಯಾಬಿನ್ನಿಗೂ ಬಾಗಿಲುಗಳಿಗೂ ಸೆರಾಮಿಕ್ ಹಚ್ಚಲೇ, ಸೀಲೆಂಟ್ ಸಾಕೇ?

ಹಳೇ ಸ್ಟೇರಿಂಗ್, ದಾವಣಗೆರೆ:
"ಡೀಸೆಲ್ ಬಟ್ಟೆಯಿಂದ ಒರೆಸಿಬಿಟ್ಟಿದ್ದರಿಂದ" ಎಂದು ಆ ಹುಡುಗ ಏನೋ ಕೊಲೆ ಮಾಡಿದ ಹಾಗೆ ಬರೆದಿದ್ದೀರಲ್ಲ ತಮ್ಮಾ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸುವ ತನಕ ನನ್ನ ಎರಡು ಲಾರಿಗಳು ಅದಿರನ್ನೇ ಹೊತ್ತಿವೆ. ಪ್ರತಿ ಅಮಾವಾಸ್ಯೆಯ ಪೂಜೆಗೆ ಮುಂಚೆ ಕ್ಲೀನರ್ ಒಂದು ಲೋಟ ಡೀಸೆಲ್ಲಿನಲ್ಲಿ ಬನಿಯನ್ ವೇಸ್ಟ್ ಅದ್ದಿ ಕ್ಯಾಬಿನ್ ಒರೆಸಿದರೆ ಕನ್ನಡಿಯಂತೆ ಹೊಳೆಯುತ್ತಿತ್ತು. ಮೂರು ಶೀಸೆ ಮಾಡಲಾಗದ ಕೆಲಸವನ್ನು ಒಂದು ಲೋಟ ಮಾಡುತ್ತಿತ್ತು.

ಹರಿಹರದ ಮೇಷ್ಟ್ರು:
"ಕನ್ನಡಿಯಂತೆ" ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಡೀಸೆಲ್ ಒಂದು ಎಣ್ಣೆ. ಬಣ್ಣದ ಮೇಲಿನ ಸಣ್ಣ ಗೀರುಗಳಲ್ಲಿ ಅದು ತುಂಬಿಕೊಂಡಾಗ ಬೆಳಕು ಚದುರದೆ ಹಿಂದಿರುಗುತ್ತದೆ, ಒಣಗಲ್ಲು ಒದ್ದೆಯಾದಾಗ ಬಣ್ಣ ಗಾಢವಾಗಿ ಕಾಣುವುದೂ ಇದೇ ಕಾರಣಕ್ಕೆ. ಅದು ಆರಲು ತಡವಾಗುವುದರಿಂದ ಅಷ್ಟು ಹೊತ್ತೂ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕೆಂಪು ಧೂಳಿನಲ್ಲಿರುವ ಕಬ್ಬಿಣದ ಅದಿರು ಹೆಮಟೈಟ್, ಖನಿಜಗಳ ಗಟ್ಟಿತನ ಅಳೆಯುವ ಮೋಹ್ಸ್ ಮಾಪಕದಲ್ಲಿ ಸುಮಾರು 5.5ರಿಂದ 6.5ರಷ್ಟು ಗಟ್ಟಿ, ಅಂದರೆ ಕಿಟಕಿ ಗಾಜಿಗೆ ಸಮ ಅಥವಾ ಮಿಗಿಲು. ಆ ಧೂಳಿರುವಾಗಲೇ ಬಟ್ಟೆಯಿಂದ ಒರೆಸುವುದೆಂದರೆ ಎಣ್ಣೆ ಹಚ್ಚಿದ ವಾಟರ್ ಪೇಪರ್ (ಬಣ್ಣ ಉಜ್ಜುವ ಮರಳು ಕಾಗದ) ಎಳೆದ ಹಾಗೆ. ಮೇಣವನ್ನು ಕರಗಿಸಿ ಒಯ್ಯುವ ಗುಣ ಡೀಸೆಲ್ಲಿಗೆ ಇದೆಯೆಂಬುದನ್ನು ಬೇರೆ ಹೇಳಬೇಕಿಲ್ಲ.

ಹಳೇ ಸ್ಟೇರಿಂಗ್:
ತಡವಾಗಿ ಆರುತ್ತದೆ ಎಂದು ತಾವೇ ಒಪ್ಪಿಕೊಂಡಿದ್ದೀರಿ, ಮೇಷ್ಟ್ರೇ. ತಡವಾಗಿ ಆರುವುದೇ ಅಲ್ಲವೇ ರಕ್ಷಣೆ? ಎಣ್ಣೆ ಇರುವ ತನಕ ತುಕ್ಕು ಹಿಡಿಯುವುದಿಲ್ಲ. ಶಾಸ್ತ್ರ ನನ್ನ ಕಡೆಗಿದೆ.

ಹೊಳಪು:
ಈ ವಾದವೇ ಹಳೆಯ ಕಾಲದ್ದು. ಮೂಲ ಲೇಖಕರ ಬರಹದಲ್ಲೇ ಉತ್ತರವಿದೆ: ಸೆರಾಮಿಕ್ ಪಟ್ಟಿಯ ಧೂಳು ಬರೀ ನೀರಿಗೆ ಇಳಿಯುತ್ತದೆ. ಸರಿಯಾಗಿ ಗಟ್ಟಿಯಾದ ಸೆರಾಮಿಕ್ ಪದರವನ್ನು ಡೀಸೆಲ್ ಕರಗಿಸಲಾರದು, ಶಾಂಪೂ ಹಾಕಿ ತೊಳೆದರೆ ನೀರು ಮತ್ತೆ ಮುತ್ತಾಗುತ್ತದೆ. 9ಎಚ್ ಗಡಸುತನವಿರುವ ಪದರಕ್ಕೆ ಹೆದ್ದಾರಿಯ ಜಲ್ಲಿ ಏನು ಲೆಕ್ಕ? ಕ್ಯಾಬಿನ್ನಿಗೂ ಸೆರಾಮಿಕ್ಕೇ ಹಚ್ಚಿ. ಈ ಸಲ ನೆರಳಿನಲ್ಲಿ, ಕೆಲಸ ಗೊತ್ತಿರುವವರ ಕೈಯಲ್ಲಿ ಹಚ್ಚಿಸಿ.

ಹರಿಹರದ ಮೇಷ್ಟ್ರು:
9ಎಚ್ ಎಂಬುದು ಪೆನ್ಸಿಲ್ಲಿನ ಅಳತೆ, ಕಲ್ಲಿನದಲ್ಲ. ಪೆನ್ಸಿಲ್ಲನ್ನು 45 ಡಿಗ್ರಿ ಓರೆಯಾಗಿ, 750 ಗ್ರಾಂ ಭಾರದಲ್ಲಿ ಬಣ್ಣದ ಮೇಲೆ ತಳ್ಳಿ ಗೀರು ಬೀಳುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. 9ಎಚ್ ಎಂದರೆ ಅತಿ ಗಟ್ಟಿ ಪೆನ್ಸಿಲ್ಲಿಗೂ ಗೀರಲಿಲ್ಲ ಎಂದಷ್ಟೇ ಅರ್ಥ. ಪೆನ್ಸಿಲ್ಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣು. ಒಂದೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ ಪದರ 48ನೆಯ ಹೆದ್ದಾರಿಯಲ್ಲಿ ಮುಂದಿನ ಟಿಪ್ಪರ್ ಎಗರಿಸುವ ಜಲ್ಲಿಯನ್ನು ತಡೆಯುತ್ತದೆ ಎಂದು ಹೇಳುವವರು ಒಂದೋ ಮೈಕ್ರಾನ್ ತಿಳಿದವರಲ್ಲ, ಇಲ್ಲವೇ ಅಂಗಡಿ ಇಟ್ಟವರು. ಕಲ್ಲೇಟನ್ನು ಅಷ್ಟಿಷ್ಟು ತಡೆಯುವುದು 150ರಿಂದ 200 ಮೈಕ್ರಾನಿನ ಪಾಲಿಯುರೆಥೇನ್ ಫಿಲ್ಮ್, ಅದು ಬೇರೆಯೇ ಸರಕು.

ಹೊಳಪು:
"ಅಂಗಡಿ ಇಟ್ಟವರು" ಎಂಬುದು ಬೈಗುಳವೇ? ಹೌದು, ದಾವಣಗೆರೆಯಲ್ಲಿ ನನ್ನದೊಂದು ಅಂಗಡಿಯಿದೆ, ಅದನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ. ದಿನಕ್ಕೆ ಹತ್ತು ತಾಸು ಬಣ್ಣ ಮುಟ್ಟುವವನಿಗೆ, ವರ್ಷಕ್ಕೊಮ್ಮೆ ಸ್ಕೂಟರ್ ತೊಳೆಯುವವರು ಮೈಕ್ರಾನ್ ಹೇಳಿಕೊಡಬೇಕಾಗಿಲ್ಲ. ಮೇಷ್ಟ್ರು ಮೊದಲು ತಮ್ಮ ಸ್ಕೂಟರಿನ ಚಿತ್ರ ಹಾಕಲಿ.

ಹರಿಹರದ ಮೇಷ್ಟ್ರು:
ನನ್ನದು ಸ್ಕೂಟರ್ ಅಲ್ಲ, ಮೊಪೆಡ್.

ಮೆಕ್ಕೆಜೋಳ:
ಎಲ್ಲರೂ ಹೊಳಪಿನ ಲೆಕ್ಕ ಹಾಕುತ್ತಿದ್ದೀರಿ, ದುಡ್ಡಿನ ಲೆಕ್ಕ ಯಾರೂ ಹಾಕುತ್ತಿಲ್ಲ. ನಾನು ಎಪಿಎಂಸಿಗೆ ಮೆಕ್ಕೆಜೋಳ ಹೊಡೆಯುವವನು. ಪ್ರತಿ ವರ್ಷ ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋಗುವ ಮುಂಚೆ ಗಾಡಿಗೆ ಹೇಗೂ ಬಣ್ಣ ಹೊಡೆಸಲೇಬೇಕು. ಹನ್ನೆರಡು ತಿಂಗಳಲ್ಲಿ ಕೆರೆದು ಹಾಕುವ ಬಣ್ಣಕ್ಕೆ ಎರಡು ವರ್ಷ ಬಾಳುವ ಕೋಟಿಂಗ್ ಹಚ್ಚುವುದು, ಕೀಳಲಿರುವ ಗುಡಿಸಲಿಗೆ ಹೆಂಚು ಹೊದಿಸಿದ ಹಾಗೆ.

ಪಿ.ಬಿ. ರಸ್ತೆ ಪೇಂಟರ್:
"ಪ್ರತಿ ವರ್ಷ" ಎಂಬುದು ಸರಿಯಲ್ಲ. ಸಾಗಣೆ ವಾಹನಕ್ಕೆ ಎಂಟು ವರ್ಷ ತುಂಬುವ ತನಕ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಐದು ವರ್ಷದ ಪಿಕಪ್ಪಿಗೆ ನಿಮ್ಮ ಲೆಕ್ಕ ಹೊಂದುವುದಿಲ್ಲ.

ನನಗೆ ಬೇರೆ ಚಿಂತೆ. ಈ ಮೇಣ, ಪಾಲಿಶುಗಳಲ್ಲಿ ಎಷ್ಟೋ ಬಗೆಗೆ ಸಿಲಿಕೋನ್ ಬೆರೆತಿರುತ್ತದೆ. ಅದು ಉಳಿದ ಜಾಗಕ್ಕೆ ನಾವು ಬಣ್ಣ ಹೊಡೆದರೆ, ಬಣ್ಣ ಕೂರದೆ ದೂರ ಸರಿದು, ಸಣ್ಣ ಸಣ್ಣ ಗುಳಿಗಳು ಏಳುತ್ತವೆ. ನಾವು ಅದನ್ನು ಫಿಶ್ ಐ ಎನ್ನುತ್ತೇವೆ. ಪೂರಾ ಕೆರೆದು ಮತ್ತೆ ಮೊದಲಿನಿಂದ ಶುರು. ತಪ್ಪು ಯಾರದ್ದೇ ಇರಲಿ, ಬೈಸಿಕೊಳ್ಳುವವನು ಪೇಂಟರ್. ಏನು ಹಚ್ಚಿದ್ದೀರಿ ಎಂದು ಮೊದಲೇ ಹೇಳಿದರೆ ನಾವು ವಾಟರ್ ಪೇಪರ್ ಹಿಡಿಯುವ ಮುಂಚೆಯೇ ಎಣ್ಣೆ ತೆಗೆಯುವ ದ್ರಾವಣದಿಂದ ಎರಡು ಸಲ ಒರೆಸುತ್ತೇವೆ. ಒರೆಸದೆ ಕಾಗದ ಹಿಡಿದರೆ ಸಿಲಿಕೋನ್ ಗೀರುಗಳೊಳಗೆ ಇನ್ನೂ ಇಳಿಯುತ್ತದೆ.

ಹಳೇ ಸ್ಟೇರಿಂಗ್:
ನೋಡಿದಿರಾ! ಪೇಂಟರೇ ಹೇಳುತ್ತಿದ್ದಾರೆ, ಶೀಸೆಯ ಸರಕಿನಿಂದ ಗುಳಿ ಏಳುತ್ತದೆಯಂತೆ. ಡೀಸೆಲ್ಲಿನಲ್ಲಿ ಸಿಲಿಕೋನ್ ಇಲ್ಲ.

ಪಿ.ಬಿ. ರಸ್ತೆ ಪೇಂಟರ್:
ಯಜಮಾನರೇ, ನಾನು ಹಾಗೆ ಹೇಳಲಿಲ್ಲ. ಡೀಸೆಲ್ ಎಣ್ಣೆ ಉಳಿದರೂ ಗುಳಿ ಏಳುತ್ತದೆ, ಬಣ್ಣ ಹಪ್ಪಳವಾಗಿಯೂ ಏಳುತ್ತದೆ. ಡೀಸೆಲ್ಲಿನಿಂದ ಒರೆಸುವ ಗಾಡಿಗಳಲ್ಲಿ ರಿಫ್ಲೆಕ್ಟರ್ ಟೇಪಿನ ಅಂಚು ಮೊದಲು ಏಳುವುದನ್ನು ನಾನು ಕಂಡಿದ್ದೇನೆ.

ಹಳೇ ಸ್ಟೇರಿಂಗ್:
ಟೇಪು ಏಳುವುದು ಟೇಪಿನ ದೋಷ. ನನ್ನ ಲಾರಿಗಳು ಓಡಿದ ಕಾಲದಲ್ಲಿ ಹಿಂದೆ ಕೆಂಪು ಬಣ್ಣವನ್ನೇ ಬಳಿದಿದ್ದೆವು, ಅದು ಎಂದೂ ಏಳಲಿಲ್ಲ.

ಹರಿಹರದ ಮೇಷ್ಟ್ರು:
ಬಾಗಿಲಿನ ಬೀಡಿಂಗ್ ರಬ್ಬರೂ ಪೆಟ್ರೋಲಿಯಂ ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಅದೂ ರಬ್ಬರಿನ ದೋಷವೇ ಇರಬೇಕು. ಎಣ್ಣೆಯಿಂದ ರಕ್ಷಣೆ ಎಂದಿರಿ. ಆ ಎಣ್ಣೆ ಮೊದಲ ಮಳೆಯವರೆಗೂ ಇರುತ್ತದೆಯೇ ಎಂಬ ಪ್ರಶ್ನೆಗೆ ತಾವು ಉತ್ತರ ಕೊಟ್ಟಿಲ್ಲ.

ಹಳೇ ಸ್ಟೇರಿಂಗ್:
ಮಳೆಯೇ? ದುರ್ಗದಲ್ಲೇ? ಮಳೆ ಬಂದ ದಿನ ಮತ್ತೆ ಒರೆಸಿದರಾಯಿತು.

ದುರ್ಗದ ಪಿಕಪ್:
ಹಿರಿಯರಲ್ಲಿ ಒಂದು ವಿನಂತಿ. ನಾನು ಕೇಳಿದ್ದು ಕ್ಯಾಬಿನ್ನಿನ ಬಗ್ಗೆ. ಡೀಸೆಲ್ಲಿನ ವಿಚಾರಕ್ಕೆ ನನ್ನ ಕಡೆಯಿಂದ ಒಂದು ಸಾಕ್ಷಿಯನ್ನಷ್ಟೇ ಕೊಡುತ್ತೇನೆ: ನಿನ್ನೆ ಬೆಳಿಗ್ಗೆ ಹುಡುಗನ ಕೈಗೆ ಅದೇ ಬಟ್ಟೆ ಕೊಟ್ಟು ಸೆರಾಮಿಕ್ ಪಟ್ಟಿಯಲ್ಲಿ ಅಂಗೈಯಗಲ ಒರೆಸಿಸಿದೆ. ಮೊದಲು ನೀರು ಹಾಳೆಯಾಗಿ ಹರಡಿತು, ಶಾಂಪೂ ಹಾಕಿ ತೊಳೆದ ಮೇಲೆ ಮತ್ತೆ ಮುತ್ತಾಯಿತು. ಮೇಣದ ಪಟ್ಟಿಯನ್ನೂ ತೊಳೆದೆ, ಅಲ್ಲಿ ಮುತ್ತು ಮರಳಲಿಲ್ಲ.

ಹೊಳಪು:
ಅಲ್ಲಿಗೆ ಚರ್ಚೆ ಮುಗಿಯಿತು. ನಾನು ಹೇಳಿದ್ದೇ ಆಯಿತು.

ಮೆಕ್ಕೆಜೋಳ:
"ಚರ್ಚೆ ಮುಗಿಯಿತು" ಎಂದು ಮಾರುವವರು ಹೇಳುವುದಲ್ಲ. ಆ ಬಿಳಿ ಉಂಗುರಗಳ ಬಗ್ಗೆ ತಾವು ಒಂದಕ್ಷರವನ್ನೂ ಬರೆದಿಲ್ಲ. ನೀರು ಮುತ್ತಾಗಿ ನಿಂತರೆ ಬಿಸಿಲಿಗೆ ಆ ಮುತ್ತೇ ಆರಿ ಸುಣ್ಣದ ಬೊಟ್ಟಾಗುತ್ತದೆ. ಹಾಳೆಯಾಗಿ ಹರಿದು ಹೋದರೆ ಬೊಟ್ಟೇ ಇಲ್ಲ. ನಮ್ಮ ಕಡೆಯ ನೀರಿಗೆ ಈ ಸರಕು ಶತ್ರು.

ಹರಿಹರದ ಮೇಷ್ಟ್ರು:
ಈ ಒಂದು ಮಾತಿನಲ್ಲಿ ಸತ್ವವಿದೆ, ಉಳಿದ ಲೆಕ್ಕವನ್ನು ನಾನು ಒಪ್ಪದಿದ್ದರೂ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎಂದಿದೆ. ಗಾಡಿ ತೊಳೆಯುವ ಬೋರ್‌ವೆಲ್ಲಿಗೆ ಆ ಮಿತಿಯನ್ನು ಕೇಳುವವರು ಯಾರು? ಉಂಗುರ ಹಳೆಯದಾಗದಿದ್ದರೆ ನೀರು ಬೆರೆಸಿದ ವಿನೆಗರಿನಲ್ಲಿ ಬಟ್ಟೆ ಅದ್ದಿ ಒಂದು ನಿಮಿಷ ಇಟ್ಟು ತೊಳೆದರೆ ಸುಣ್ಣ ಕರಗುತ್ತದೆ. ನಡು ಮಧ್ಯಾಹ್ನ ತೊಳೆಯದಿರುವುದು, ತೊಳೆದ ಕೂಡಲೇ ಒರೆಸುವುದು ಇನ್ನೂ ಸುಲಭ.

ಹಳೇ ಸ್ಟೇರಿಂಗ್:
"ತೊಳೆದ ಕೂಡಲೇ ಒರೆಸುವುದು." ಕೊನೆಗೂ ಬಟ್ಟೆಗೇ ಬಂದಿರಿ, ಮೇಷ್ಟ್ರೇ. ಮೂರು ದಿನದಿಂದ ನಾನೂ ಅದನ್ನೇ ಹೇಳುತ್ತಿದ್ದೇನೆ.

ಹರಿಹರದ ಮೇಷ್ಟ್ರು:
ತಾವು ಹೇಳಿದ್ದು ತೊಳೆಯದೆ ಒರೆಸುವುದನ್ನು. ಮೇಲೆ ಹೋಗಿ ತಮ್ಮ ಬರಹವನ್ನು ತಾವೇ ಓದಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ಪಿ.ಬಿ. ರಸ್ತೆ ಪೇಂಟರ್:
ಪಿಕಪ್ಪಿನವರಿಗೆ: ಕ್ಯಾಬಿನ್ ಬಣ್ಣಕ್ಕೆ ಕ್ಲಿಯರ್ ಕೋಟ್ ಇಲ್ಲ, ಆದ್ದರಿಂದ ಪ್ರತಿ ಸಲ ಕಾಂಪೌಂಡ್ ಹಿಡಿದಾಗಲೂ ಬಣ್ಣವೇ ಸವೆಯುತ್ತದೆ, ಅಂಚುಗಳಲ್ಲಿ ಒತ್ತಿದರೆ ಎರಡನೆಯ ಸಲಕ್ಕೇ ಪ್ರೈಮರ್ ಕಂಡೀತು. ಒಮ್ಮೆ ಹಗುರವಾಗಿ ತಿಕ್ಕಿ ಬಾಗಿಲುಗಳಿಗೆ ಸೀಲೆಂಟ್ ಹಚ್ಚಿ, ಎರಡು ತಿಂಗಳಿಗೊಮ್ಮೆ ಮತ್ತೆ ಸ್ಪ್ರೇ ಮಾಡಿ. ಸೆರಾಮಿಕ್ ಉಳಿದಿದ್ದರೆ ಬಾನೆಟ್ಟಿನ ಮಿಕ್ಕ ಎರಡು ಪಟ್ಟಿಗೆ ಹಾಕಿ, ಧೂಳು ಮೊದಲು ಬಡಿಯುವುದು ಅಲ್ಲಿಗೇ. ಆ ಮಬ್ಬು ಕಲೆಯನ್ನು ಬಿಟ್ಟುಬಿಡಿ. ತೆಗೆಯಬೇಕಾದರೆ ಮತ್ತೆ ಕಾಂಪೌಂಡ್ ಹಿಡಿಯಬೇಕು. ಕಲ್ಲೇಟಿನಿಂದ ತಗಡು ಕಂಡ ಕಡೆ ಮಳೆಗೆ ಮುಂಚೆ ಕಡ್ಡಿಯ ತುದಿಯಲ್ಲಿ ಟಚಪ್ ಬಣ್ಣ ಇಡಿ, ಅದಕ್ಕೆ ಈ ಮೂರರಲ್ಲಿ ಯಾವುದೂ ಆಗುವುದಿಲ್ಲ.

ಹೊಳಪು:
ಬಾನೆಟ್ಟಿಗೆ ಸೆರಾಮಿಕ್ಕೇ ಎಂದು ಪೇಂಟರೂ ಒಪ್ಪಿದರು.

ದುರ್ಗದ ಪಿಕಪ್:
ಪೇಂಟರ್ ಅಣ್ಣನವರಿಗೆ ಧನ್ಯವಾದ. ಭಾನುವಾರ ಬೆಳಿಗ್ಗೆ ಆರಕ್ಕೆ ಬಾಗಿಲುಗಳಿಂದ ಶುರು ಮಾಡುತ್ತೇನೆ. ಡೀಸೆಲ್ ಬಟ್ಟೆಯನ್ನು ಟೂಲ್ ಬಾಕ್ಸಿಗೆ ಹಾಕಿ ಬೀಗ ಹಾಕಿದ್ದೇನೆ.

ಹಳೇ ಸ್ಟೇರಿಂಗ್:
ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೀರಿ, ಎಸೆದಿಲ್ಲ. ಅದನ್ನು ಎಲ್ಲರೂ ಗಮನಿಸಬೇಕು.