ಡಿಪಿಎಫ್ ಲೈಟ್ ಪದೇ ಪದೇ ಹತ್ಕೊಳ್ತಿದೆ, ಫಿಲ್ಟರ್ ತೆಗೆಸ್ಬಿಡ್ಲಾ?

ಪ್ರಶ್ನೆ: ಸರ್ ನಮಸ್ತೆ. ನಂದು 2021ರ ಬಿಎಸ್6 ಡೀಸೆಲ್ ಕಾರು, ಇರೋದು ಮೈಸೂರಲ್ಲಿ. ಮನೆಯಿಂದ ಆಫೀಸಿಗೆ 4 ಕಿಲೋಮೀಟರ್, ವಾರಕ್ಕೆ ಆರು ದಿನ ಅದೇ ಓಡಾಟ. ಎರಡು ತಿಂಗಳಲ್ಲಿ ಮೂರನೇ ಸಲ ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಲೈಟ್ ಬಂದಿದೆ. ಪಕ್ಕದ ಗ್ಯಾರೇಜಿನವರು ಒಳಗಿರೋದನ್ನ ಕೊರೆದು ತೆಗೆದು ಸಾಫ್ಟ್‌ವೇರ್ ಬದಲಾಯಿಸ್ತೀನಿ, ಪಿಕಪ್ಪೂ ಬರುತ್ತೆ ಮೈಲೇಜೂ ಬರುತ್ತೆ ಅಂತಿದಾರೆ. ತೆಗೆಸ್ಲಾ? ಆ ಡಬ್ಬದೊಳಗೆ ಅಂಥದ್ದೇನಿದೆ?

ಉತ್ತರ: ದಯವಿಟ್ಟು ತೆಗೆಸ್ಬೇಡಿ. ನೀವು ಹೇಳಿದ್ದು ನೋಡಿದ್ರೆ ಗಾಡಿಲಿ ಏನೂ ಕೆಟ್ಟಿರೋ ಹಾಗಿಲ್ಲ, ಅದಕ್ಕೆ ಬೇಕಾದಷ್ಟು ಬಿಸಿ ಸಿಕ್ತಿಲ್ಲ.

ಡೀಸೆಲ್ ಇಂಜಿನ್ನಿಂದು ಒಂದು ಹಳೇ ಜಗಳ ಇದೆ. ಒಳಗೆ ಜಾಸ್ತಿ ಬಿಸಿಯಾಗಿ ಉರಿದ್ರೆ ಗಾಳಿಲಿರೋ ನೈಟ್ರೋಜನ್ನು ಆಕ್ಸಿಜನ್ನು ಸೇರ್ಕೊಂಡು ನಾಕ್ಸ್ ಅನ್ನೋ ವಿಷಗಾಳಿ ಆಗುತ್ತೆ, ಅದನ್ನ ತಡೆಯೋಕೆ ಇಜಿಆರ್ ವಾಲ್ವ್ ಸುಟ್ಟ ಹೊಗೆಯನ್ನೇ ಸ್ವಲ್ಪ ವಾಪಸ್ ಒಳಗೆ ಬಿಟ್ಟು ಬೆಂಕಿ ತಣ್ಣಗೆ ಮಾಡುತ್ತೆ, ಆದ್ರೆ ತಣ್ಣಗೆ ಉರಿದ್ರೆ ಮಸಿ ಜಾಸ್ತಿ. ಒಂದನ್ನ ಅದುಮಿದ್ರೆ ಇನ್ನೊಂದು ಏಳುತ್ತೆ. ಆ ಮಸಿ ಹಿಡಿಯೋಕೇ ಡಿಪಿಎಫ್ ಇರೋದು. ಡೀಸೆಲ್ ಕಾರಿಗೆ ಹಳೇ ಹೊಗೆ ನಿಯಮ ಬಿಎಸ್4ರಲ್ಲಿ ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿ ಬಿಡೋಕೆ ಅವಕಾಶ ಇತ್ತು, 2020ರ ಏಪ್ರಿಲ್‌ನಿಂದ ಬಿಎಸ್6ರಲ್ಲಿ 4.5 ಅಷ್ಟೇ.

ಒಳಗಿರೋದು ಜೇನುಗೂಡಿನ ಥರ ಸೆರಾಮಿಕ್. ಒಂದು ತೂತು ಈ ಕಡೆ ಮುಚ್ಚಿರುತ್ತೆ, ಪಕ್ಕದ್ದು ಆ ಕಡೆ ಮುಚ್ಚಿರುತ್ತೆ, ಹಾಗಾಗಿ ಹೊಗೆ ಗೋಡೆಯೊಳಗಿಂದ ನುಗ್ಗಿಯೇ ಆಚೆ ಹೋಗ್ಬೇಕು, ಮಸಿ ಗೋಡೆಗೇ ಅಂಟ್ಕೊಳುತ್ತೆ. ಇಂಜಿನ್ ತಣ್ಣಗಿರೋವಾಗ ಸೈಲೆನ್ಸರ್ ಪೈಪೊಳಗೆ ಬೆರಳು ಸವರಿ ನೋಡಿ, ಫಿಲ್ಟರ್ ಸರಿ ಇದ್ರೆ ಬೆರಳು ಕಪ್ಪಾಗಲ್ಲ. ಕೊರೆಸಿದ ಗಾಡಿಲಿ ಸವರಿದ್ರೆ ಕಾಡಿಗೆ ಹತ್ತಿದ ಹಾಗೆ ಬರುತ್ತೆ, ಅದೇ ಮಸಿ ಹಿಂದೆ ಸ್ಕೂಟರಲ್ಲಿ ಬರೋ ಮಗುವಿನ ಎದೆಗೂ ಹೋಗೋದು.

ಹಿಡಿದ ಮಸಿಯನ್ನ ಸುಡ್ಬೇಕಲ್ಲ, ಅದಕ್ಕೆ ಸುಮಾರು 600 ಡಿಗ್ರಿ ಬೇಕು. ನಿಮ್ಮ 4 ಕಿಲೋಮೀಟರಲ್ಲಿ ಇಂಜಿನ್ನೇ ಸರಿಯಾಗಿ ಬಿಸಿಯಾಗಿರಲ್ಲ. ಫಿಲ್ಟರಿನ ಹಿಂದೆ ಮುಂದೆ ಒತ್ತಡ ಎಷ್ಟು ವ್ಯತ್ಯಾಸ ಇದೆ ಅಂತ ಸೆನ್ಸರ್ ನೋಡಿ ಕಟ್ಕೊಂಡಿದೆ ಅಂತ ಗೊತ್ತಾದ್ರೆ ಇಸಿಯು, ಅಂದ್ರೆ ಇಂಜಿನ್ನಿನ ಕಂಪ್ಯೂಟರ್, ಸ್ವಲ್ಪ ಜಾಸ್ತಿ ಡೀಸೆಲ್ ತಡವಾಗಿ ಸಿಂಪಡಿಸುತ್ತೆ, ಅದು ಫಿಲ್ಟರ್ ಮುಂದಿರೋ ಕ್ಯಾಟಲಿಸ್ಟಲ್ಲಿ ಉರಿದು ಬಿಸಿ ಏರಿಸುತ್ತೆ. ಅಷ್ಟರಲ್ಲಿ ನೀವು ಆಫೀಸ್ ಬಂತು ಅಂತ ಕೀ ತೆಗೀತೀರಿ, ಕೆಲಸ ಅರ್ಧಕ್ಕೆ ನಿಲ್ಲುತ್ತೆ.

ಈ ಭಾನುವಾರ ಟ್ಯಾಂಕಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಡೀಸೆಲ್ ಹಾಕ್ಸಿ, ನಂಜನಗೂಡು ಕಡೆ ಹೋಗಿ ಬನ್ನಿ, 60-70ರಲ್ಲಿ, ಒಂದು ಗೇರ್ ಕಮ್ಮಿ ಇಟ್ಕೊಂಡು 2000 ಆರ್‌ಪಿಎಂ ಮೇಲೆ, 20-25 ನಿಮಿಷ. ಹೊರಡೋ ಮುಂಚೆ ಬೆಳಿಗ್ಗೆ ತಣ್ಣಗಿರೋವಾಗ ಡಿಪ್‌ಸ್ಟಿಕ್ (ಇಂಜಿನ್ ಆಯಿಲ್ ಅಳೆಯೋ ಕಡ್ಡಿ) ಎಳೆದು ನೋಡಿ. ಆಯಿಲ್ ಮ್ಯಾಕ್ಸ್ ಗೆರೆ ದಾಟಿ ಡೀಸೆಲ್ ವಾಸನೆ ಬಂದ್ರೆ ಡ್ರೈವ್ ಬೇಡ, ಮೊದಲು ಆಯಿಲ್ ಬದಲಾಯಿಸಿ.

ಇನ್ನೊಬ್ಬರು: ಸರ್ ಆಯಿಲ್ ಯಾಕೆ ಜಾಸ್ತಿ ಆಗುತ್ತೆ? ನಮ್ಮಲ್ಲಿ ಕಮ್ಮಿ ಆಗೋದು ನೋಡಿದೀವಿ.

ಉತ್ತರ: ಆ ತಡವಾಗಿ ಸಿಂಪಡಿಸಿದ ಡೀಸೆಲ್ ಎಲ್ಲಾ ಉರಿಯಲ್ಲ, ಸ್ವಲ್ಪ ಸಿಲಿಂಡರ್ ಗೋಡೆ ಮೇಲೆ ಇಳಿದು ಆಯಿಲ್ ಸೇರುತ್ತೆ. ಸುಡೋ ಕೆಲಸ ಪದೇ ಪದೇ ಅರ್ಧಕ್ಕೆ ನಿಂತ್ರೆ ಆಯಿಲ್ ತೆಳ್ಳಗಾಗಿ ಟರ್ಬೊ ಬೇರಿಂಗ್ ತಿನ್ನುತ್ತೆ, ಅದರ ಖರ್ಚು ಕೇಳ್ಬೇಡಿ. ಆಯಿಲ್ಲೂ ಕಡಿಮೆ ಬೂದಿಯ ಗ್ರೇಡೇ ಇರ್ಲಿ, ಮ್ಯಾನ್ಯುಯಲ್ಲಲ್ಲಿ ಬರೆದಿರುತ್ತೆ. ಮಸಿ ಸುಟ್ಟು ಹೋಗುತ್ತೆ, ಆಯಿಲ್ ಉರಿದ ಬೂದಿ ಫಿಲ್ಟರಲ್ಲೇ ಉಳಿಯುತ್ತೆ.

ಇನ್ನೊಬ್ಬರು: ಪೆಟ್ರೋಲ್ ಕಾರಿಗೆ ಈ ಕಾಟ ಇಲ್ವಲ್ಲ?

ಉತ್ತರ: ಇಷ್ಟಿಲ್ಲ. ಅಲ್ಲಿ ಕ್ಯಾಟಲಿಟಿಕ್ ಕನ್ವರ್ಟರಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಸವರಿರ್ತಾರೆ, ಆಕ್ಸಿಜನ್ ಸೆನ್ಸರ್ ಗಾಳಿ-ಪೆಟ್ರೋಲ್ ಲೆಕ್ಕ 14.7ಕ್ಕೆ 1ರ ಹತ್ರ ಹಿಡಿದ್ರೆ ಕಾರ್ಬನ್ ಮಾನಾಕ್ಸೈಡ್, ಉರಿಯದ ಪೆಟ್ರೋಲ್, ನಾಕ್ಸ್, ಈ ಮೂರೂ ವಿಷ ಒಟ್ಟಿಗೆ ಕಮ್ಮಿ ಆಗುತ್ತೆ. ಮಿಸ್ಸಿಂಗ್ ಇರೋ (ಸಿಲಿಂಡರಲ್ಲಿ ಆಗಾಗ ಪೆಟ್ರೋಲ್ ಹತ್ಕೊಳ್ದೇ ಇರೋ) ಗಾಡಿನ ಮಾತ್ರ ಓಡಿಸ್ತಾ ಇರ್ಬೇಡಿ, ಉರಿಯದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಕನ್ವರ್ಟರೇ ಕರಗುತ್ತೆ.

ಪ್ರಶ್ನೆ ಕೇಳಿದವರು: ಸರ್, ಡಿಪ್‌ಸ್ಟಿಕ್ ನೋಡ್ದೆ, ಗೆರೆಗಿಂತ ಒಂದು ಬೆರಳು ಮೇಲಿತ್ತು, ಡೀಸೆಲ್ ವಾಸನೆನೂ ಇತ್ತು. ಆಯಿಲ್ ಬದಲಾಯಿಸಿ ನಂಜನಗೂಡಿಗೆ ಹೋಗಿ ಬಂದೆ, ವಾಪಸ್ ಬರೋವಾಗ ಲೈಟ್ ಹೋಯ್ತು. ಮನೆ ಹತ್ರ ನಿಲ್ಲಿಸಿದಾಗ ಫ್ಯಾನ್ ಜೋರಾಗಿ ಓಡ್ತಿತ್ತು, ಸುಟ್ಟ ವಾಸನೆ, ಭಯ ಆಯ್ತು.

ಉತ್ತರ: ಖುಷಿ ಆಯ್ತು. ಭಯ ಬೇಡ, ಸುಡೋವಾಗ ಹಾಗೇ ಇರುತ್ತೆ. ಮುಂದಿನ ಸಲ ಹಾಗಿದ್ರೆ ಆಫ್ ಮಾಡದೆ ಇನ್ನೂ ಹತ್ತು ನಿಮಿಷ ಸುತ್ತಿ ಬನ್ನಿ. ಒಂದೇ ಎಚ್ಚರಿಕೆ, ಆ ಹೊತ್ತಲ್ಲಿ ಒಣ ಹುಲ್ಲಿನ ಮೇಲೆ ನಿಲ್ಲಿಸ್ಬೇಡಿ, ಸುಗ್ಗಿಲಿ ರಸ್ತೆ ಮೇಲೆ ಹುರುಳಿ ಸೊಪ್ಪು ಹಾಕಿರ್ತಾರಲ್ಲ ಅದರ ಮೇಲಂತೂ ಗಾಡಿ ಹತ್ತಿಸ್ಲೇಬೇಡಿ, ಗಾಡಿ ಕೆಳಗೆ ಸುತ್ಕೊಂಡ್ರೆ ಬಿಸಿ ಪೈಪಿಗೆ ತಾಗಿ ಬೆಂಕಿ ಹತ್ತುತ್ತೆ. ಮನೆ ಸೇರಿದ ಮೇಲೆ ಒಂದ್ಸಲ ಬಗ್ಗಿ ಕೆಳಗೆ ನೋಡಿ.