ಮಾಸ್ಟರ್ ಆಫ್ ಓರಿಯನ್ 2: ಮೊದಲ ನೂರು ಟರ್ನ್ ನೀವು ಹೇಗೆ ಆಡ್ತೀರಾ?

ಎಲ್ರಿಗೂ ನಮಸ್ಕಾರ. 1996ರ ಮಾಸ್ಟರ್ ಆಫ್ ಓರಿಯನ್ 2, ಅದೇ ಸಿಮ್‌ಟೆಕ್ಸ್‌ನೋರು ಮಾಡಿ ಮೈಕ್ರೋಪ್ರೋಸ್ ತಂದ, ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟೋ ಗೇಮ್, ಡಾಸ್‌ಬಾಕ್ಸ್‌ನಲ್ಲಿ (ಹಳೇ ಡಾಸ್ ಗೇಮ್ ಓಡಿಸೋ ಪ್ರೋಗ್ರಾಂ) ಈಗಷ್ಟೇ ಶುರು ಮಾಡಿದೀನಿ. ಆವರೇಜ್ ಲೆವೆಲ್‌ನಲ್ಲೇ ಪಕ್ಕದ ರೇಸ್‌ನೋರು (ಬೇರೆ ಜನಾಂಗದೋರು) ಮುಂದೆ ಹೋಗಿಬಿಡ್ತಾರೆ. ಯಾವ ರೇಸ್ ಒಳ್ಳೇದು, ಮೊದಲು ಏನು ಕಟ್ಟಬೇಕು? ಆಡಿ ಗೊತ್ತಿರೋರು ಹೇಳಿ.

—

ಸೈಲಾನ್ ರೇಸ್ ತಗೊಳ್ಳಿ, ಎರಡು ಮಾತಿಲ್ಲ. ಬೇರೆ ರೇಸ್‌ಗಳಿಗೆ ರಿಸರ್ಚ್‌ನಲ್ಲಿ ಒಂದೊಂದು ಹಂತದಲ್ಲೂ ಹೆಚ್ಚಾಗಿ ಒಂದೇ ಟೆಕ್ ಸಿಗೋದು, ಉದಾಹರಣೆಗೆ ಆಸ್ಟ್ರೋ ಬಯಾಲಜಿಲಿ ಹೈಡ್ರೋಪೋನಿಕ್ ಫಾರ್ಮ್ ತಗೊಂಡ್ರೆ ಬಯೋಸ್ಫಿಯರ್ಸ್ ಹೋಯ್ತು, ಆಮೇಲೆ ಯಾರ ಹತ್ರನಾದ್ರೂ ಎಕ್ಸ್‌ಚೇಂಜ್ ಮಾಡ್ಕೋಬೇಕು ಇಲ್ಲ ಕದೀಬೇಕು. ಸೈಲಾನ್ ಕ್ರಿಯೇಟಿವ್, ಅವರಿಗೆ ಎಲ್ಲಾನೂ ಸಿಗುತ್ತೆ. ಯಾವ ಟೆಕ್ ಏನು ಮಾಡುತ್ತೆ ಅಂತ ಹೊಸಬರಿಗೆ ಕಣ್ಣಾರೆ ನೋಡೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಒಂದೇ ಎಚ್ಚರ, ಅವರು ಲೋ-ಜಿ (ಕಮ್ಮಿ ಗುರುತ್ವಾಕರ್ಷಣೆಗೆ ಒಗ್ಗಿದ) ಜನ, ನಾರ್ಮಲ್ ಅಥವಾ ಹೆವಿ ಗ್ರ್ಯಾವಿಟಿ ಗ್ರಹದಲ್ಲಿ ಕೂರಿಸಿದ್ರೆ ಉತ್ಪಾದನೆ ಬಿದ್ದೋಗುತ್ತೆ, ನೋಡ್ಕೊಂಡು ಕಾಲೋನಿ ಹಾಕಿ.

—

ರೇಸ್ ಯಾವುದಾದ್ರೂ ಇರ್ಲಿ ಸರ್, ಈ ಗೇಮ್ ಗೆಲ್ಲೋದು ಸೋಲೋದು ಕಾಲೋನಿ ಸ್ಕ್ರೀನ್‌ನಲ್ಲೇ, ಯುದ್ಧದಲ್ಲಿ ಅಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಅಡ್ವಾನ್ಸ್ಡ್ ಕನ್‌ಸ್ಟ್ರಕ್ಷನ್ ರಿಸರ್ಚ್ ಮಾಡಿ ಆಟೊಮೇಟೆಡ್ ಫ್ಯಾಕ್ಟರಿ ತಗೊಳ್ಳಿ, ಅದು ಪ್ರತಿ ವರ್ಕರ್‌ಗೆ ಒಂದು ಯೂನಿಟ್ ಜಾಸ್ತಿ ಕೊಡೋದಲ್ದೆ ಗ್ರಹಕ್ಕೇ ಐದು ಯೂನಿಟ್ ಸೇರಿಸುತ್ತೆ, ಅಂದ್ರೆ ಒಬ್ಬನೇ ಒಬ್ಬ ಇರೋ ಹೊಸ ಕಾಲೋನಿಗೂ ಜೀವ ಬರುತ್ತೆ, ಆಮೇಲೆ ಆಪ್ಟ್ರಾನಿಕ್ಸ್‌ನಲ್ಲಿ ರಿಸರ್ಚ್ ಲ್ಯಾಬ್. ನಿಮ್ಮ ಸ್ವಂತ ನಕ್ಷತ್ರದಲ್ಲೇ ಬೇರೆ ಗ್ರಹ ಇದ್ರೆ ದುಬಾರಿ ಕಾಲೋನಿ ಶಿಪ್ ಕಟ್ಟಬೇಡಿ, ಕಾಲೋನಿ ಬೇಸ್ ಸಾಕು.

ದುಡ್ಡು ಕೊಟ್ಟು ಕೊಳ್ಳೋದ್ರಲ್ಲೂ ಒಂದು ಲೆಕ್ಕ ಇದೆ. ಏನೂ ಕಟ್ಟದೇ ಇರೋದನ್ನ ಕೊಂಡ್ರೆ ಸಿಕ್ಕಾಪಟ್ಟೆ ರೇಟು, ಅರ್ಧ ಕೆಲಸ ಮುಗೀಲಿ, ಆಗ ಉಳಿದ ಪ್ರತಿ ಯೂನಿಟ್‌ಗೂ ರೇಟು ಚೆನ್ನಾಗಿ ಇಳಿಯುತ್ತೆ. ನಾನು ಪ್ರತಿ ಟರ್ನ್ ಪಟ್ಟಿ ನೋಡ್ಕೊಂಡು ಅರ್ಧ ದಾಟಿರೋ ಫ್ಯಾಕ್ಟರಿಗಳನ್ನ ಮಾತ್ರ ಕೊಳ್ಳೋದು.

ಮತ್ತೆ ಫ್ರೈಟರ್ (ಸರಕು ಸಾಗಿಸೋ ಹಡಗು) ಮರೀಬೇಡಿ. ಒಂದು ಫ್ರೈಟರ್ ಒಂದು ಯೂನಿಟ್ ಊಟ ಸಾಗಿಸುತ್ತೆ, ಒಬ್ಬ ಕಾಲೋನಿಸ್ಟ್‌ನ ಬೇರೆ ಗ್ರಹಕ್ಕೆ ಕಳ್ಸೋಕೆ ಐದು ಬೇಕು. ಹೋಮ್‌ವರ್ಲ್ಡ್‌ನಲ್ಲಿ ಎಷ್ಟೇ ಬೆಳೆದ್ರೂ ಫ್ರೈಟರ್ ಇಲ್ದಿದ್ರೆ ಗಣಿ ಗ್ರಹದೋರು ಉಪವಾಸ.

—

ಮೇಲಿನೋರು ಹೇಳಿದ್ದು ಸರಿ, ಆದ್ರೆ ಗುರು, ಪೂರ್ತಿ ನಿರಾಯುಧರಾಗಿ ಕೂತ್ರೆ ಕಂಪ್ಯೂಟರ್ ವಾಸನೆ ಹಿಡೀತಾನೆ. ಶುರುವಲ್ಲಿ ಮಿಸೈಲ್ ಶಿಪ್ ಬೆಸ್ಟ್. ಬೀಮ್ (ಲೇಸರ್ ತರದ ಕಿರಣದ ಆಯುಧ) ದೂರ ಹೋದಷ್ಟೂ ಏಟು ಕಮ್ಮಿ, ಮಿಸೈಲ್‌ಗೆ ಆ ರಗಳೆ ಇಲ್ಲ. ಡಿಸೈನ್ ಮಾಡುವಾಗ ಎರಡೇ ಶಾಟ್ ಇರೋದನ್ನ ಆರಿಸಿ, ಜಾಗ ಕಮ್ಮಿ ತಗೊಳುತ್ತೆ, ಅಷ್ಟೇ ಜಾಗದಲ್ಲಿ ಜಾಸ್ತಿ ಲಾಂಚರ್ ಕೂರುತ್ತೆ, ಹೆಚ್ಚಿನ ಕಾಳಗ ಎರಡು ಸುತ್ತಲ್ಲೇ ತೀರ್ಮಾನ ಆಗೋದು. ಹಂಗಂತ ಕಮಾಂಡ್ ಪಾಯಿಂಟ್ (ಎಷ್ಟು ಶಿಪ್ ಸಾಕಬಹುದು ಅನ್ನೋ ಮಿತಿ) ಮೀರಿ ಶಿಪ್ ಕಟ್ಟಬೇಡಿ, ಮೀರಿದ ಒಂದೊಂದು ಪಾಯಿಂಟ್‌ಗೂ ಪ್ರತಿ ಟರ್ನ್ 10 BC (ಆಟದ ದುಡ್ಡು) ಹೋಗುತ್ತೆ, ಖಜಾನೆ ಖಾಲಿ. ಸ್ಟಾರ್ ಬೇಸ್ ಕಟ್ಟಿದ್ರೆ ಪಾಯಿಂಟೂ ಬರುತ್ತೆ ರಕ್ಷಣೆನೂ ಆಯ್ತು.

—

ಆಗಾಗ ಬಂದು ದಾಳಿ ಮಾಡೋ ಬಲಿಷ್ಠ ಶತ್ರು ಆಂಟಾರನ್ಸ್ ಬಗ್ಗೆ ಯಾರೂ ಹೇಳ್ಲಿಲ್ಲ. ಹೊಸ ಗೇಮ್ ಸೆಟಪ್‌ನಲ್ಲೇ ಅವರ ದಾಳಿ ಆಫ್ ಮಾಡ್ಬಹುದು, ಕಲಿಯೋವರೆಗೆ ಆಫ್ ಇಡಿ. ಓರಿಯನ್ ನಕ್ಷತ್ರದ ಹತ್ರ ಮಾತ್ರ ಬೇಗ ಹೋಗಬೇಡಿ, ಅದನ್ನ ಕಾಯೋ ಗಾರ್ಡಿಯನ್ ಹಡಗು ಸಣ್ಣ ಫ್ಲೀಟ್‌ನ ಪುಡಿ ಮಾಡುತ್ತೆ.

—

ಇನ್ನೊಂದು ಸೇರಿಸ್ತೀನಿ. ಎಲ್ಲಾ ರೇಸ್‌ಗಳೂ ಓಟು ಹಾಕೋ ಕೌನ್ಸಿಲ್ ಎಲೆಕ್ಷನ್‌ನಲ್ಲಿ ಮೂರನೇ ಎರಡು ಭಾಗ ಓಟು ಬಂದ್ರೆ ಗೆದ್ದಂಗೆ, ಓಟು ಬರೋದು ಜನಸಂಖ್ಯೆ ಮೇಲೆ. ಅದಕ್ಕೇ ಖಾಲಿ ಕೂತ ಕಾಲೋನಿಗಳಿಗೆ ಹೌಸಿಂಗ್ (ಜನ ಬೇಗ ಹೆಚ್ಚೋ ಹಾಗೆ ಮಾಡೋ ಆಯ್ಕೆ) ಹಾಕಿಬಿಡಿ, ಪಕ್ಕದೋರ ಜೊತೆ ಟ್ರೇಡ್ ಟ್ರೀಟಿ ಮಾಡ್ಕೊಂಡು ಚೆನ್ನಾಗಿರಿ, ಅವರ ಓಟೂ ನಿಮಗೇ ಬೀಳಬಹುದು.