ಜಪಾನಿನ ಹಳ್ಳಿ ದಾರಿಗಳಲ್ಲಿ ಕಾರು ಓಡಿಸಿದವರು ಇದ್ದೀರಾ?

ಪ್ರಶ್ನೆ: ಅಕ್ಟೋಬರ್ ಕೊನೆಯಲ್ಲಿ ನಾವು ನಾಲ್ಕು ಜನ ಗೆಳೆಯರು ಜಪಾನಿಗೆ ಹೊರಟಿದ್ದೇವೆ. ಊರೂರು ಸುತ್ತುತ್ತಾ, ಬೆಟ್ಟ ಗದ್ದೆ ನೋಡುತ್ತಾ ಕಾರಿನಲ್ಲಿ ಹೋಗುವ ಆಸೆ. ಇಬ್ಬರಿಗೆ ಡ್ರೈವಿಂಗ್ ಬರುತ್ತದೆ, ಇಬ್ಬರು ಸಸ್ಯಾಹಾರಿಗಳು. ಯಾವ ಕಡೆ ಹೋದರೆ ಚೆನ್ನ? ಹೋಗಿ ಬಂದವರು ದಯವಿಟ್ಟು ಹೇಳಿ.

ಮೈಸೂರಿನಿಂದ:
ಕಣ್ಣು ಮುಚ್ಚಿಕೊಂಡು ಕ್ಯೂಷೂ ದ್ವೀಪಕ್ಕೆ ಹೋಗಿ. ಟೋಕಿಯೋದಿಂದ ಕಾರು ತೆಗೆದುಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಟೋಲ್ ದುಬಾರಿ, ಪಾರ್ಕಿಂಗ್ ಇನ್ನೂ ದುಬಾರಿ. ಕ್ಯೂಷೂವಿನ ಬೆಪ್ಪು ಊರಿನವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಾಡಿಗೆ ಕಾರು ಹಿಡಿಯಿರಿ.

ಯುಫುಯಿನ್ ದಾಟಿದ ಮೇಲೆ ಯಮನಾಮಿ ಹೈವೇ ಕುಜು ಬೆಟ್ಟಗಳ ನಡುವೆ ಏರುತ್ತದೆ. ಮಕಿನೊತೊ ಘಾಟಿ 1,300 ಮೀಟರಿಗೂ ಎತ್ತರ. ನೀವು ಹೋಗುವ ಹೊತ್ತಿಗೆ ಅಲ್ಲಿ ಎಲೆಗಳು ಕೆಂಪಾಗಿರುತ್ತವೆ. ಅಲ್ಲಿಂದ ಇಳಿದು ಅಸೊ ಕಡೆಗೆ ಬಂದರೆ ರಸ್ತೆಯ ಎರಡೂ ಬದಿ ಬರೀ ಹುಲ್ಲುಗಾವಲು. ಆಳೆತ್ತರದ ಸುಸುಕಿ ಹುಲ್ಲು ತೆನೆ ಬಿಟ್ಟು, ಸಂಜೆ ಬಿಸಿಲಿಗೆ ಇಡೀ ಗುಡ್ಡವೇ ಬೆಳ್ಳಗೆ ಹೊಳೆಯುತ್ತದೆ. ಈ ಗುಡ್ಡಗಳು ತಾವಾಗಿ ಹೀಗೆ ಉಳಿದಿಲ್ಲ. ಊರಿನವರು ಪ್ರತಿ ವರ್ಷ ಬೇಸಿಗೆಗೆ ಮುಂಚೆ ಸೇರಿ ಬೆಂಕಿ ಕೊಡುತ್ತಾರೆ. ಇಲ್ಲದಿದ್ದರೆ ಕಾಡು ಬೆಳೆದುಬಿಡುತ್ತದೆ.

ದೈಕಾನ್‌ಬೊ ಎಂಬ ಜಾಗವನ್ನು ಮಾತ್ರ ತಪ್ಪಿಸಬೇಡಿ. ಅಸೊ ಜ್ವಾಲಾಮುಖಿಯ ಹಳೇ ಬಾಯಿಯ ಅಂಚು ಅದು. ಉತ್ತರ ದಕ್ಷಿಣವಾಗಿ ಸುಮಾರು 25 ಕಿ.ಮೀ. ಅಗಲದ ಬಾಣಲೆ, ಅದರೊಳಗೆ ಗದ್ದೆ, ಊರು, ರೈಲು ಹಳಿ. ಬೆಳಗ್ಗೆ ಬೇಗ ಹೋದರೆ, ಅದೃಷ್ಟವಿದ್ದರೆ ಎಲ್ಲವೂ ಮೋಡದಡಿ ಮುಚ್ಚಿರುತ್ತದೆ. ನಮ್ಮ ಗುಂಪಿನಲ್ಲಿ ಅರ್ಧ ಗಂಟೆ ಯಾರೂ ಕಾರು ಹತ್ತಲಿಲ್ಲ. ಈಗಲೂ ಹೊಗೆಯಾಡುವ ನಕದಾಕೆ ಬಾಯಿಯ ಹತ್ತಿರ ಗಾಳಿಯಲ್ಲಿ ಗಂಧಕದ ಅನಿಲ ಜಾಸ್ತಿಯಾದರೆ ದಾರಿ ಮುಚ್ಚುತ್ತಾರೆ. ಉಬ್ಬಸ ಇರುವವರು ಅಲ್ಲಿಗೆ ಹೋಗಲೇಬಾರದು.

ದಿನಕ್ಕೆ ನೂರು ಕಿಲೋಮೀಟರ್‌ಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ನಿಲ್ಲಿಸಿ ನೋಡಲು ಆಗದಿದ್ದರೆ ಕಾರು ಯಾಕೆ ಬೇಕು, ಅಲ್ವಾ?

ಟೋಕಿಯೋದಲ್ಲಿರುವ ಕನ್ನಡಿಗ:
ಜಾಗದ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಕಾಗದಪತ್ರ, ನಿಯಮ ಹೇಳುತ್ತೇನೆ. ಇಬ್ಬರು ಡ್ರೈವರ್‌ಗಳೂ ಊರಿನಲ್ಲೇ ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಜಪಾನಿನಲ್ಲಿ ನಡೆಯುವುದು 1949ರ ಜಿನೀವಾ ಒಪ್ಪಂದದ ಪರ್ಮಿಟ್. ಜೊತೆಗೆ ಮೂಲ ಲೈಸೆನ್ಸ್, ಪಾಸ್‌ಪೋರ್ಟ್ ಕೈಯಲ್ಲಿರಲಿ.

ನಮ್ಮ ಹಾಗೆ ಇಲ್ಲೂ ಎಡಗಡೆ ಓಡಾಟ. ಆದರೆ ಕೆಂಪು ದೀಪ ಇದ್ದಾಗ ಎಡಕ್ಕೂ ತಿರುಗುವಂತಿಲ್ಲ. ತಲೆಕೆಳಗಾದ ಕೆಂಪು ತ್ರಿಕೋನದ ಫಲಕ ಕಂಡರೆ ಚಕ್ರ ಪೂರ್ತಿ ನಿಲ್ಲಬೇಕು, ನಿಧಾನ ಮಾಡಿದರೆ ಸಾಲದು. ರೈಲ್ವೆ ಗೇಟ್ ತೆರೆದಿದ್ದರೂ ನಿಲ್ಲಿಸಿ, ಎರಡೂ ಕಡೆ ನೋಡಿ ಹೋಗಬೇಕು.

ಗೆಳೆಯರ ಗುಂಪು ಅಂದಿರಿ, ಅದಕ್ಕೇ ಒತ್ತಿ ಹೇಳುತ್ತೇನೆ: ಕುಡಿದು ಓಡಿಸಿದವರಿಗೆ ಮಾತ್ರವಲ್ಲ, ಅದು ಗೊತ್ತಿದ್ದೂ ಪಕ್ಕದಲ್ಲಿ ಕೂತವರಿಗೂ ಶಿಕ್ಷೆ ಇದೆ. ಮಧ್ಯಾಹ್ನ ಊಟದ ಜೊತೆ ಒಂದೇ ಒಂದು ಬಿಯರ್ ಕೂಡ ಬೇಡ.

ಪೆಟ್ರೋಲ್ ಬಂಕಿನಲ್ಲಿ ಕೆಂಪು ಪೈಪು ರೆಗ್ಯುಲರ್, ಹಸಿರು ಡೀಸೆಲ್. 'ರೆಗ್ಯುಲರ್, ಮಂತಾನ್' ಅಂದರೆ ಫುಲ್ ಟ್ಯಾಂಕ್ ಹಾಕುತ್ತಾರೆ. ಹಳ್ಳಿಗಳಲ್ಲಿ ಸಂಜೆಗೇ ಬಂಕ್ ಮುಚ್ಚುತ್ತಾರೆ, ಅರ್ಧ ಇರುವಾಗಲೇ ತುಂಬಿಸಿಕೊಳ್ಳಿ.

ಶಿವಮೊಗ್ಗದಿಂದ:
ಸಸ್ಯಾಹಾರಿಗಳಿಗೆ ನನ್ನ ಮಾತು. ತರಕಾರಿ ಸೂಪು, ನೂಡಲ್ಸ್ ಅಂತ ಕಂಡರೂ ಸಾರಿಗೆ ಮೀನಿನಿಂದ ತೆಗೆದ 'ದಾಶಿ' ಎಂಬ ಕಟ್ಟು ಹಾಕಿರುತ್ತಾರೆ. ಹಾಗಾಗಿ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಹೊತ್ತುಕೊಂಡೇ ಹೋಗಿ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವ ಅನ್ನದ ಡಬ್ಬಿ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ.

ಬೆಪ್ಪುವಿನ ಕನ್ನಾವಾದಲ್ಲಿ ಬಿಸಿನೀರ ಬುಗ್ಗೆಯ ಹಬೆಯಲ್ಲೇ ನಾವೇ ಅಡುಗೆ ಬೇಯಿಸಿಕೊಳ್ಳಬಹುದು. ಬುಟ್ಟಿಯಲ್ಲಿ ಗೆಣಸು, ಕುಂಬಳ, ಜೋಳ ಇಟ್ಟು ಮುಚ್ಚಳ ಹಾಕುವುದು, ಅಷ್ಟೇ. ಆ ಗೆಣಸಿನ ರುಚಿ ಇನ್ನೂ ಬಾಯಲ್ಲಿದೆ.

ದಾರಿಯಲ್ಲಿ 'ಮಿಚಿ ನೋ ಎಕಿ' (ರಸ್ತೆ ಬದಿಯ ವಿಶ್ರಾಂತಿ ತಾಣ) ಅಂತ ಫಲಕ ಕಂಡರೆ ನಿಲ್ಲಿಸಿ. ದೇಶದಲ್ಲಿ 1,200ಕ್ಕೂ ಹೆಚ್ಚು ಇವೆ. ಶುಚಿಯಾದ ಶೌಚಾಲಯ ಇಡೀ ರಾತ್ರಿ ತೆರೆದಿರುತ್ತದೆ. ಒಳಗೆ ಸುತ್ತಲಿನ ರೈತರ ತರಕಾರಿ, ಪೊಟ್ಟಣದ ಮೇಲೆ ಬೆಳೆದವರ ಹೆಸರು. ಇನ್ನೂ ಚಿಕ್ಕ ರಸ್ತೆಗಳಲ್ಲಿ ಕಾವಲೇ ಇಲ್ಲದ ಮರದ ಗೂಡುಗಳು. ಒಂದು ಗೂಡಿನಲ್ಲಿ ಕಬೊಸು ಎಂಬ ನಿಂಬೆಜಾತಿಯ ಕಾಯಿಯ ಚೀಲ ಸಿಕ್ಕಿತು. 100 ಯೆನ್ ನಾಣ್ಯ ಡಬ್ಬಿಗೆ ಹಾಕಿ ಎತ್ತಿಕೊಂಡೆವು. ಸಂಜೆ ಅವಲಕ್ಕಿಗೆ ಹಿಂಡಿದರೆ, ಆಹಾ!

ಹುಬ್ಬಳ್ಳಿಯಿಂದ:
ಶಿಕೊಕು ದ್ವೀಪದ ಇಯಾ ಕಣಿವೆ ಕೂಡ ಬಹಳ ಚೆಂದ, ಬಳ್ಳಿಯಿಂದ ಹೆಣೆದ ತೂಗುಸೇತುವೆ ಇದೆ. ಆದರೆ ರಸ್ತೆ ತೀರಾ ಕಿರಿದು, ಎದುರು ವಾಹನ ಬಂದರೆ ಹಿಂದಕ್ಕೆ ಹೋಗಬೇಕು. ಮೊದಲ ಸಲಕ್ಕೆ ಕ್ಯೂಷೂನೇ ಸರಿ. ಅಲ್ಲೂ ಹಳ್ಳಿ ರಸ್ತೆಯ ಅಂಚಿನಲ್ಲಿ ಮುಚ್ಚಳವಿಲ್ಲದ ಚರಂಡಿ ಇರುತ್ತದೆ, ಎಡ ಚಕ್ರದ ಮೇಲೆ ಕಣ್ಣಿರಲಿ. ಅಕ್ಟೋಬರ್ ಕೊನೆಗೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ರ್‍ಯೋಕಾನ್‌ಗಳಲ್ಲಿ (ಜಪಾನಿ ಶೈಲಿಯ ತಂಗುಮನೆ) ರಾತ್ರಿ ಊಟವೂ ಆರು ಗಂಟೆ ಹೊತ್ತಿಗೇ. ನಾಲ್ಕೂವರೆಗೆ ತಂಗುವ ಊರು ಸೇರುವ ಹಾಗೆ ಹೊರಡಿ. ನಾಲ್ಕು ದೊಡ್ಡ ಸೂಟ್‌ಕೇಸ್ ಚಿಕ್ಕ ಕಾರಿನಲ್ಲಿ ಹಿಡಿಯುವುದಿಲ್ಲ, ಕೊರಿಯರ್‌ನಲ್ಲಿ ಮುಂದಿನ ಹೋಟೆಲಿಗೆ ಕಳಿಸಿಬಿಡಿ.